ಕೆಂಜೆಯ ಮನೆಯ ಮೊದಲ ಊಟ

ಬುರುಲ್ಚಾ ತೊಳೆದ ಮನೆಗಳಿಗೆ ಲೆಕ್ಕವಿಲ್ಲ. ಬಿಷ್ಕೆಕ್‌ನಲ್ಲಿ ಹೊಸ ಕಟ್ಟಡ ಎದ್ದು, ಗಾರೆಯವರೂ ಬಣ್ಣದವರೂ ಗಂಟುಮೂಟೆ ಕಟ್ಟಿದ ಮೇಲೆ ಅವಳ ಸರದಿ. ಕಿಟಕಿಗೆ ಮೆತ್ತಿದ ಸಿಮೆಂಟು ಕೆರೆದು, ನೆಲ ತಿಕ್ಕಿ, ಮನೆಯನ್ನು ಮನೆ ಮಾಡಿ ಕೊಡುವುದು. ಗಂಡ ತೀರಿಕೊಂಡ ಮೇಲೆ ಮಗಳು ಐಪೆರಿಯನ್ನು ಸಾಕಿದ್ದು ಇದೇ ದುಡಿಮೆಯಿಂದ. ತಾನು ಮಾತ್ರ ಊರಾಚೆಯ ಬಾಡಿಗೆ ಕೋಣೆಯಲ್ಲೇ ಉಳಿದಳು. ಅವಳು ಕೂಡಿಟ್ಟಷ್ಟೂ ಮನೆಯ ಬೆಲೆ ಮುಂದೆ ಮುಂದೆ ಓಡುತ್ತಿತ್ತು. ಕೊನೆಗೊಂದು ಚಳಿಗಾಲ ಆ ಆಸೆಯನ್ನೇ ಕೈಬಿಟ್ಟು, ಕೂಡಿಟ್ಟದ್ದರಲ್ಲಿ ಮಗಳಿಗೆ ದಪ್ಪನೆಯ ಕೋಟು ಕೊಂಡಳು.

ಐಪೆರಿಗೆ ತಲಾಸ್ ಕಡೆಯ ಹುಡುಗ ಮೆಚ್ಚಿಗೆಯಾದ. ಅವನ ತಾಯಿ ಸೈರಾ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ಮನೆ ಸ್ವಂತದ್ದೇ ತಾನೇ?" ಅಂದಳು.

"ಸ್ವಂತದ್ದೇ" ಎಂದುಬಿಟ್ಟಳು ಬುರುಲ್ಚಾ. ಏಕೆ ಹಾಗೆಂದಳೋ ಅವಳಿಗೇ ತಿಳಿಯದು. ಹದಿನೈದು ದಿನ ಕಳೆಯುವುದರೊಳಗೆ ಬೀಗರು ಮಾತು ಗಟ್ಟಿ ಮಾಡಲು ಹೊರಟು ನಿಂತರು.

ಆಗ ಅವಳ ಕೈಯಲ್ಲಿ ಕೆಂಜೆ ಎಂಬವಳ ಹೊಸ ಫ್ಲ್ಯಾಟಿನ ಬೀಗದ ಕೈ ಇತ್ತು. ಮಾಸ್ಕೋದಲ್ಲಿ ವರ್ಷಗಟ್ಟಲೆ ಪರರ ನೆಲ ಒರೆಸಿ ಕೆಂಜೆ ಕೊಂಡ ಎರಡು ಕೋಣೆಯ ಮನೆ ಅದು. ಅವಳು ಬರುವುದು ಮುಂದಿನ ವಾರವೆಂದು ಸುದ್ದಿ.

"ಬೇಡಮ್ಮ, ಇದ್ದದ್ದು ಇದ್ದಂಗೆ ಹೇಳಿಬಿಡೋಣ" ಎಂದಳು ಐಪೆರಿ.

"ಸುಮ್ನಿರೇ. ಒಂದು ಮಧ್ಯಾಹ್ನ ಕೂತೆದ್ರೆ ಮನೆ ಸವೆದು ಹೋಗುತ್ತಾ?"

ನೆರೆಯವರಿಂದ ತಂದ ಹಾಸುಗಳನ್ನು ಕೆಂಜೆಯ ನೆಲದ ಮೇಲೆ ಹಾಸಿದಳು. ಬೀಗರು ಬಂದರು, ಉಂಡರು. ಪದ್ಧತಿಯಂತೆ ಕುರಿಯ ಬಾಲದ ಕೊಬ್ಬನ್ನೂ ಲಿವರನ್ನೂ ಒಬ್ಬರ ಬಾಯಿಗೊಬ್ಬರು ಇಟ್ಟು ಸಂಬಂಧ ಗಟ್ಟಿಯಾಯಿತು. ಹುಡುಗನ ಅಜ್ಜ ತುರ್ದುಬೆಕ್ ಎರಡೂ ಕೈ ಎತ್ತಿ, "ಈ ಹೊಸ್ತಿಲು ಗಟ್ಟಿಯಾಗಿರ್ಲಿ, ಒಲೆ ಆರದಿರ್ಲಿ, ಈ ಮನೆ ಸಂಪಾದಿಸಿದ ಕೈ ತಣ್ಣಗಿರ್ಲಿ!" ಎಂದು ಹರಸಿದ.

ಆ ಹೊತ್ತಿಗೇ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಹಿಡಿದು ಕೆಂಜೆ ನಿಂತಿದ್ದಳು.

ಅಜ್ಜ ನಕ್ಕ. "ಬಾಮ್ಮ, ಬಾ! ಊಟದ ಹೊತ್ತಿಗೆ ಸರಿಯಾಗಿ ಬಂದೆ. ಊಟದ ಹೊತ್ತಿಗೆ ಬಂದೋರನ್ನ ಅತ್ತೆ ಪ್ರೀತಿಸ್ತಾಳಂತೆ, ನಿಮ್ಮತ್ತೆಗೂ ನಿನ್ ಮೇಲೆ ಭಾಳ ಪ್ರೀತಿ ಕಾಣುತ್ತೆ!" ಎಲ್ಲರೂ ನಕ್ಕರು.

ಕೆಂಜೆ ಬುರುಲ್ಚಾಳ ಮುಖ ನೋಡಿದಳು, ಐಪೆರಿಯ ಕಿವಿಗೆ ಬೀಗರು ತೊಡಿಸಿದ್ದ ಹೊಸ ಓಲೆ ನೋಡಿದಳು. ಆಮೇಲೆ ಬಾಗಿಲ ಬಳಿಯೇ ಕುಳಿತಳು. ಯಾರೋ ಚಹಾದ ಬಟ್ಟಲು ಕೊಟ್ಟರು. ಕುಡಿಯದೆ ಹಿಡಿದುಕೊಂಡಿದ್ದಳು. ಅವಳು ಕೂಗಾಡಿದ್ದರೆ ಬುರುಲ್ಚಾ ಹೇಗೋ ತಡೆದುಕೊಳ್ಳುತ್ತಿದ್ದಳು. ತನ್ನ ಮನೆಯಲ್ಲೇ ಅವಳು ನೆಂಟಳಂತೆ ಮುದುಡಿ ಕುಳಿತದ್ದನ್ನು ನೋಡಲಾಗಲಿಲ್ಲ.

"ಬೀಗರೇ, ಈ ಮನೆ ನಂದಲ್ಲ" ಎಂದಳು. "ಇವಳದು. ನಾನು ತೊಳೆಯೋಕೆ ಬಂದೋಳು."

ಅಗಿಯುತ್ತಿದ್ದ ಬಾಯಿಗಳು ನಿಂತವು. ಮೊದಲು ಮಾತಾಡಿದ್ದು ಸೈರಾ. "ಮಗಳಾದ್ರೂ ನಿನ್ನವಳೇನಾ, ಇಲ್ಲಾ ಅವಳನ್ನೂ ಎರವಲು ತಂದಿದ್ದೀಯಾ?"

ಐಪೆರಿ ಎದ್ದು ಅಡುಗೆಮನೆಗೆ ಹೋದಳು.

"ಸಾಕು ಮಾಡು ಸೈರಾ" ಎಂದ ಅಜ್ಜ. "ಸಂಬಂಧದ ತುತ್ತು ಗಂಟಲಿಂದ ಇಳಿದಾಯ್ತು. ಅದನ್ನ ಉಗುಳೋಕಾಗಲ್ಲ." ಆಮೇಲೆ ಕೆಂಜೆಯ ಕಡೆ ತಿರುಗಿ, ದನಿ ತಗ್ಗಿಸಿ, "ತಾಯಿ, ನಿನ್ನ ಹೆಸರಲ್ಲಿ ಇನ್ನೊಂದ್ಸಲ ಹರಸ್ಲಾ?" ಎಂದ.

"ಬೇಡಿ ಅಜ್ಜ. ಹರಸಿದ್ದಾಯ್ತಲ್ಲ."

ಬೀಗರು ಹೊರಟುಹೋದರು. ಬುರುಲ್ಚಾ ಬಕೆಟ್ಟಿಗೆ ಕೈ ಹಾಕಿದಾಗ ಕೆಂಜೆ ಅದನ್ನು ಮೆಲ್ಲಗೆ ಕಿತ್ತುಕೊಂಡಳು. "ಬಿಡಿ ಅಕ್ಕ, ನಾನೇ ತೊಳ್ಕೋತೀನಿ. ಈ ಮನೇಲಿ ಮೊದಲನೇ ರೊಟ್ಟಿ ನನ್ನ ಕೈಯಾರೆ ಮುರೀಬೇಕು ಅಂತ ಅಷ್ಟು ವರ್ಷ ಕಾದಿದ್ದೆ. ಆಮೇಲೆ ನೀವು ಒಂದಿನಕ್ಕೆ ಮನೆ ಕೇಳಿದ್ದಿದ್ರೆ ಇಲ್ಲ ಅಂತಿದ್ನಾ?"

ಹಾಸುಗಳನ್ನು ಹೊತ್ತು ಮೆಟ್ಟಿಲಿಳಿಯುವಾಗ, ನೆಲ ತಿಕ್ಕುವ ಸದ್ದು ಬುರುಲ್ಚಾಗೆ ಕೆಳಗಿನ ತನಕ ಕೇಳಿಸಿತು.

ಮದುವೆಯೇನೋ ನಡೆಯಿತು. ಬೀಗರ ಮನೆಯಲ್ಲಿ ಮರ್ಯಾದೆಗೂ ಕೊರತೆಯಿಲ್ಲ. ಆದರೆ ಯಾರಾದರೂ ಮನೆ ಕೊಂಡ ಮಾತು ತೆಗೆದರೆ ಸೈರಾ ಬುರುಲ್ಚಾಳತ್ತ ಒಮ್ಮೆ ನೋಡುತ್ತಾಳೆ, ಅಷ್ಟೇ. ಐಪೆರಿ ಮಾತು ಬದಲಿಸುತ್ತಾಳೆ.

ಹೋದ ವಸಂತದಲ್ಲಿ ಸಂತೆಯಲ್ಲಿ ಕೆಂಜೆ ಎದುರಾದಳು. ಅವಳೇ ಮೊದಲು ಮಾತಾಡಿಸಿದಳು: "ಮಗಳು ಚೆನ್ನಾಗಿದ್ದಾಳಾ ಅಕ್ಕ? ಒಂದಿನ ಮನೆ ಕಡೆ ಬನ್ನಿ."

ಬುರುಲ್ಚಾ ತಲೆಯೆತ್ತದೆ ಈರುಳ್ಳಿ ಆರಿಸುತ್ತಲೇ ಇದ್ದಳು.