ಜಾಮರ್ ಮಾಮಾನ ಹೆಂಡತಿಗೆ ಎಲ್ಲರ ನಮಸ್ಕಾರ

ಕೋಯನಾ ನದಿಯ ಕಡೆಯಿಂದ ಎದ್ದ ಮಂಜು ಇನ್ನೂ ಗುಡ್ಡ ಹತ್ತುತ್ತಲೇ ಇದೆ. ವಿಶ್ವವಿದ್ಯಾಲಯದ ಭದ್ರತಾ ಕಚೇರಿಯ ಹಿಂದೆ, ತಗಡಿನ ಚಪ್ಪರದ ಕೆಳಗೆ, ಜೋತಿರಾಮ ಲೋಹಾರ ಕುಕ್ಕುರುಗಾಲಲ್ಲಿ ಕುಳಿತು ಜಾಮರ್‌ಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಜಾಮರ್ ಎಂದರೆ ಹಳದಿ ಬಳಿದ ಕಬ್ಬಿಣದ ದವಡೆ. ನಿಲ್ಲಿಸಬಾರದ ಕಡೆ ನಿಂತ ಗಾಡಿಯ ಗಾಲಿಯನ್ನು ಒಮ್ಮೆ ಕಚ್ಚಿತೆಂದರೆ, ದಂಡ ಕಟ್ಟಿದ ರಸೀದಿ ಕಾಣುವವರೆಗೆ ಬಾಯಿ ಬಿಡುವುದಿಲ್ಲ. ಕೋಳಿಯ ಗರಿಯನ್ನು ಎಣ್ಣೆಯಲ್ಲಿ ಅದ್ದಿ ಒಂದೊಂದು ಬೀಗದ ಕಿಂಡಿಗೂ ಆಡಿಸಿ, ಕೀಲಿ ತಿರುಗಿಸಿ ನೋಡಿ, ಕೈಗಾಡಿಗೆ ಒಟ್ಟುತ್ತಾರೆ. ಮಫ್ಲರು ಕಿವಿಯಿಂದ ಜಾರಿದ್ದೂ ಅವರಿಗೆ ಗೊತ್ತಿಲ್ಲ.

ಹುಡುಕಿಕೊಂಡು ಬಂದವರ ಕೊರಳಲ್ಲಿ ಕ್ಯಾಮೆರಾ ಕಂಡೊಡನೆ, ಅವರು ಬಾಯಿ ತೆರೆಯುವ ಮುನ್ನವೇ, ಜೋತಿರಾಮ ಎಣ್ಣೆ ಹತ್ತಿದ ಬೆರಳನ್ನು ಗ್ರಂಥಾಲಯದ ಕಡೆ ಚಾಚುತ್ತಾರೆ.

"ಅಕಿ ಅಲ್ಲಿದಾಳ್ರಿ, ಸರ್ಕಲ್‌ನಾಗ. ಪೇಪರಿನವರೆಲ್ಲಾ ಅಲ್ಲೇ ಹೋಗ್ತಾರ."

ನಿಮ್ಮನ್ನೇ ನೋಡಲು ಬಂದದ್ದು ಎಂದರೆ ನಂಬುವುದಿಲ್ಲ. "ನನ್ನನ್ನಾ? ಯಾಕ, ಯಾರರ ಕಂಪ್ಲೇಂಟ್ ಕೊಟ್ಟಾರೇನು?"

ಅಷ್ಟರಲ್ಲಿ ಸರ್ಕಲ್ ಕಡೆಯಿಂದ ಸೀಟಿ ಕೇಳುತ್ತದೆ. ಉದ್ದಕ್ಕೊಂದು, ಗಿಡ್ಡಕ್ಕೆರಡು. ಜೋತಿರಾಮರ ಕೈಯಲ್ಲಿದ್ದ ಗರಿ ನಿಲ್ಲುತ್ತದೆ. "ಊದಿದ್ಲು ನೋಡ್ರಿ," ಎಂದು ಮುಖ ಕಿವುಚುತ್ತಾರೆ. "ಹಂಗ ಊದಾಕ ಕಲಿಸಿದಾಂವ ಯಾರು ಅಂತ ಕೇಳ್ರಿ. ಯಾರೂ ಕೇಳೂದಿಲ್ಲ."

ಊದಿದವರು ಮಾಲನ ಲೋಹಾರ, ಅವರ ಹೆಂಡತಿ. ಅದೇ ವಿಶ್ವವಿದ್ಯಾಲಯ, ಅದೇ ಗುತ್ತಿಗೆದಾರ, ಅದೇ ನೀಲಿ ಸಮವಸ್ತ್ರ. ಒಳರಸ್ತೆಗೆ ಚೀಟಿ ಅಂಟಿಸಿದ ಸಿಬ್ಬಂದಿಯ ಗಾಡಿ ಮಾತ್ರ, ಹುಡುಗರ ಗಾಡಿಗಳೆಲ್ಲ ಕೆಳಗಿನ ಷೆಡ್ಡಿಗೆ, ಹೆಲ್ಮೆಟ್ ಇಲ್ಲದವರಿಗೆ ಗೇಟಿಲ್ಲ, ಆರೋಗ್ಯ ಕೇಂದ್ರದ ಬಾಗಿಲಲ್ಲಿ ಯಾರದೂ ನಿಲ್ಲಕೂಡದು ಎಂಬ ಅದೇ ನಿಯಮ. ಆ ನಿಯಮವನ್ನು ಮಾಲನ ಕೈ ಬೀಸಿ ಹೇಳುತ್ತಾರೆ, ಜೋತಿರಾಮ ಕಬ್ಬಿಣದಲ್ಲಿ ಹೇಳುತ್ತಾರೆ. ಆಕೆ ಇಡೀ ಗುಡ್ಡಕ್ಕೆ ಮಾವಶಿ, ಅಂದರೆ ಚಿಕ್ಕಮ್ಮ. ಇವರು ಜಾಮರ್ ಮಾಮಾ. ಬೆನ್ನ ಹಿಂದೆ ಇನ್ನೂ ಏನೇನೋ.

ಜೋತಿರಾಮರದು ಕಮ್ಮಾರರ ಮನೆ. ತಂದೆ ಪಾಟಣದ ಹತ್ತಿರದ ಹಳ್ಳಿಯಲ್ಲಿ ಕುಡುಗೋಲು ತಟ್ಟುತ್ತಿದ್ದರು, ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಬಿಗಿಯುತ್ತಿದ್ದರು. ಗಾಡಿಗಳು ಹೋದವು, ಕುಲುಮೆ ತಣ್ಣಗಾಯಿತು. ಜೋತಿರಾಮ ಕಾವಲುಗಾರರಾಗಿ ಗುಡ್ಡ ಹತ್ತಿದರು. ಆಗ ಇಲ್ಲಿ ಸೈಕಲ್ಲುಗಳೇ ಹೆಚ್ಚು. ಈಗ ಹಾಲುಮಾರುವವನ ಮಗನಿಗೂ ಮೋಟಾರ್ ಸೈಕಲ್ಲು, ಪ್ರಾಧ್ಯಾಪಕರಿಗೆ ಕಾರಿನ ಮೇಲೊಂದು ಕಾರು. ನಿಯಮಗಳ ಫಲಕ ನೆಟ್ಟರು, ಫಲಕದ ಬುಡದಲ್ಲೇ ಗಾಡಿ ನಿಂತವು. ಕೊನೆಗೆ ಜಾಮರ್ ತಂದರು. ಕಬ್ಬಿಣ ಕಂಡು ಬೇರೆಯವರು ಹಿಂದೆ ಸರಿದಾಗ ಕಮ್ಮಾರರ ಮನೆಯ ಜೋತಿರಾಮರೇ ಮುಂದೆ ಬಂದರು.

ದಿನಕ್ಕೆ ಮೂವತ್ತು, ನಲವತ್ತು ಗಾಲಿ. ಬೀಗ ಬಿದ್ದವರು ಮೊದಲು ನಗುತ್ತಾರೆ, ಆಮೇಲೆ ಕೈ ಮುಗಿಯುತ್ತಾರೆ, ಆಮೇಲೆ ಕಾಕನೋ ಮಾವನೋ ಶಾಸಕರಿಗೆ ಬೇಕಾದವರೆಂದು ಹೇಳುತ್ತಾರೆ. ಬೀಗ ತೆಗೆದ ಮೇಲೆ ಬೈಯುತ್ತಾರೆ. "ತೆಗಿಯೂ ಮುಂಚೆ ಬೈಯೂದಿಲ್ರಿ, ಶಾಣ್ಯಾರದಾರ," ಎನ್ನುತ್ತಾರೆ ಜೋತಿರಾಮ.

ಇದನ್ನೆಲ್ಲ ಅವರು ನುಂಗಿಕೊಂಡೇ ಇದ್ದರು. ಲೋಕಕ್ಕೇ ಬೇಡವಾದ ಕೆಲಸ ಎಂದುಕೊಂಡಿದ್ದರು. ಹೆಂಡತಿ ಬಂದು ಸರ್ಕಲ್‌ನಲ್ಲಿ ನಿಂತ ಮೇಲೆ, ಲೋಕಕ್ಕೆ ಬೇಡವಾದದ್ದು ಕೆಲಸವಲ್ಲ, ತಾನು ಎಂದು ಅನ್ನಿಸತೊಡಗಿತು.

ಮಾಲನ ಕೆಲಸಕ್ಕೆ ಸೇರಿದ್ದು ಹೆಂಗಸರೂ ಬೇಕೆಂದು ಗುತ್ತಿಗೆದಾರ ಹುಡುಕಿದಾಗ. ಅರ್ಜಿ ಹಾಕಿಸಿದವರು ಜೋತಿರಾಮರೇ. ಸೀಟಿ ಊದುವುದನ್ನು ಮನೆಯ ಮಾಳಿಗೆಯ ಮೇಲೆ ಕಲಿಸಿದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮೊದಲು ಹುಡುಗಿಯರ ಹಾಸ್ಟೆಲಿನ ಬಾಗಿಲು, ಆಮೇಲೆ ಗ್ರಂಥಾಲಯದ ಸರ್ಕಲ್. ಒಂದೇ ಮಳೆಗಾಲದೊಳಗೆ ಆಕೆ ಹೆಸರಾದರು. ನಿಲ್ಲು ಎನ್ನುವಾಗ ಅಂಗೈ, ಹೋಗು ಎನ್ನುವಾಗ ನಗು. ಹೆಲ್ಮೆಟ್ಟಿಲ್ಲದ ಹುಡುಗನಿಗೆ, "ನಿನ್ನ ತಲಿ ನಿಮ್ಮವ್ವ ಹಡದದ್ದೋ, ಸಂತ್ಯಾಗ ಕೊಂಡದ್ದೋ?" ಎಂದು ಕೇಳುತ್ತಾರೆ. ಅವನು ನಗುತ್ತ ತಿರುಗಿ ಹೋಗುತ್ತಾನೆ. ಅದೇ ಮಾತನ್ನು ಜೋತಿರಾಮ ಒಮ್ಮೆ ಆಡಿ ನೋಡಿದರು. ಹುಡುಗ ದೂರು ಬರೆದುಕೊಟ್ಟ.

ಹೋದ ಸಂಕ್ರಾಂತಿಗೆ ಮಾಲನ ಅವರ ಚೀಲದ ತುಂಬ ಎಳ್ಳುಂಡೆ. ಕುಲಪತಿಗಳ ಕಾರೇ ನಿಂತು, ಗಾಜು ಇಳಿದು, ಒಂದು ಪೊಟ್ಟಣ ಹೊರಬಂತು. ಜೋತಿರಾಮರಿಗೂ ಎಳ್ಳುಂಡೆ ಸಿಕ್ಕಿತು. ಯಾರೋ ಅದನ್ನು ಜಾಮರ್‌ನ ಬೀಗದ ಕಿಂಡಿಯೊಳಗೆ ಜಜ್ಜಿ ತುಂಬಿದ್ದರು. ಬೆಲ್ಲ ಕರಗಿಸಿ ತೆಗೆಯಲು ಬಿಸಿನೀರು ಕಾಯಿಸಬೇಕಾಯಿತು. ಮಾಲನ ಸಂಜೆ ಮನೆಯಲ್ಲಿ ಡಬ್ಬಿ ಮುಂದಿಟ್ಟು, "ತಿನ್ರಿ, ಛಲೋ ಅದಾವ," ಎಂದರೆ, "ನಂದು ಆಗೇತಿ," ಎಂದರಂತೆ.

ವಿಶ್ವವಿದ್ಯಾಲಯದ ಗೋಡೆ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಿಗೆ ಮಾಲನ ಅವರ ಚಿತ್ರ ಬಂತು. ಭದ್ರತಾ ಕಚೇರಿಯಲ್ಲಿ ಜೂನ್ ಬಂದರೂ ಮೇ ತಿಂಗಳೇ ತೂಗುತ್ತಿತ್ತು. ಜೊತೆಗಾರ ಥೋರಾತ ಹಾಳೆ ಮಗುಚಿ ಹೋದರೆ, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಮೇ.

"ಏನೋ ಜೋತಿಬಾ, ಈ ವರ್ಷ ಬ್ಯಾಸಗಿ ಮುಗಿಯೂದೇ ಇಲ್ಲೇನು?" ಎಂದ ಥೋರಾತ.

"ಗಾಳಿಗೆ ಹಾರತೈತಿ."

"ಹೌದಪ್ಪಾ, ಗಾಳಿ. ಮನ್ಯಾಗೂ ಇದ ಗಾಳಿ ಬೀಸತೈತೇನು? ಊರಾಗ ಎಲ್ಲಾರೂ ತಮ್ಮ ಹೆಂಡ್ತಿ ಹೆಸರಾಗ್ಲಿ ಅಂತಾರ, ನೀ ಒಬ್ಬಾಂವ ಹೊಟ್ಟಿ ಉರಕೊಂಡು ಕುಂತಿ."

"ನಿನ್ನ ಹೆಂಡ್ತಿ ಫೋಟೋ ಬರ್ಲಿ, ಆಮ್ಯಾಲ ಮಾತಾಡು," ಎಂದು ಜೋತಿರಾಮ ಎದ್ದು ಹೋದರು.

ಅದೇ ಜೂನ್‌ನಲ್ಲಿ, ಪ್ರವೇಶದ ಗದ್ದಲದ ಒಂದು ಬೆಳಗ್ಗೆ, ಆದದ್ದು ಆಯಿತು. ಹಳ್ಳಿಹಳ್ಳಿಗಳಿಂದ ತಂದೆತಾಯಂದಿರು ಜೀಪು ಮಾಡಿಕೊಂಡು ಬಂದಿದ್ದರು. ಸರ್ಕಲ್ ಕಟ್ಟಿಕೊಂಡಿತ್ತು. ತಡವಾಗಿ ಬಂದ ಮಾಲನ ಹಾರ್ನುಗಳ ಸದ್ದು ಕೇಳಿ, ಸ್ಕೂಟರನ್ನು ಆರೋಗ್ಯ ಕೇಂದ್ರದ ಬಾಗಿಲಲ್ಲೇ ಬಿಟ್ಟು, ಮಳೆಯಲ್ಲಿ ಓಡಿದರು. ಕೈಗಾಡಿ ತಳ್ಳಿಕೊಂಡು ಬಂದ ಜೋತಿರಾಮ ಸ್ಕೂಟರನ್ನು ನೋಡಿದರು. ಹರಿದ ಸೀಟಿಗೆ ಹೊಲಿಗೆ ಹಾಕಿದವರು ಅವರೇ. ಕೊಕ್ಕೆಯಲ್ಲಿ ತೂಗುತ್ತಿದ್ದ ಊಟದ ಡಬ್ಬಿಯಲ್ಲಿ ಅವರ ಪಾಲಿನ ಜೋಳದ ಭಾಕ್ರಿಯೂ ಇತ್ತು.

ತಳ್ಳಿ ಪಕ್ಕಕ್ಕಿಡಬಹುದಿತ್ತು. ಕೂಗಿ ಕರೆಯಬಹುದಿತ್ತು. ಅವರು ಬಗ್ಗಿ ಗಾಲಿಗೆ ಜಾಮರ್ ಕಚ್ಚಿಸಿದರು, ಕೀಲಿ ಜೇಬಿಗಿಳಿಸಿದರು. ಎದೆಯೊಳಗೆ ಏನೋ ತಣ್ಣಗಾಯಿತು.

ಸುದ್ದಿ ಅರ್ಧ ಗಂಟೆಯಲ್ಲಿ ಗುಡ್ಡ ಸುತ್ತಿತು. ಮಾಲನ ಬಂದಾಗ ಹುಡುಗರ ಗುಂಪು ಕೂಡಿತ್ತು, ಮೊಬೈಲುಗಳು ಮೇಲೆದ್ದಿದ್ದವು. ಆಕೆ ಗಾಲಿ ನೋಡಿದರು, ಗಂಡನನ್ನು ನೋಡಿದರು.

"ಮಾವಶಿ, ಮಾಮಾಗ ಬೈಯ್ರಿ," ಎಂದಳೊಬ್ಬ ಹುಡುಗಿ.

"ಯಾಕ ಬೈಲಿ? ನಿಲ್ಲಿಸಬಾರದಲ್ಲಿ ನಿಲ್ಲಿಸೇನಿ," ಎಂದು ಮಾಲನ ನೇರ ಕೌಂಟರಿಗೆ ಹೋಗಿ, ಹುಡುಗರ ಹಿಂದೆ ಸಾಲಿನಲ್ಲಿ ನಿಂತು, ದಂಡ ಕಟ್ಟಿ, ರಸೀದಿ ತಂದು ಗಂಡನ ಮುಂದೆ ಹಿಡಿದರು. ಜನ ಚಪ್ಪಾಳೆ ತಟ್ಟಿತು. ಮಾವಶಿ ಎಂಥ ಪ್ರಾಮಾಣಿಕಳು ಎಂದಿತು. ಬಗ್ಗಿ ಬೀಗ ತೆಗೆಯುತ್ತಿದ್ದ ಜೋತಿರಾಮರ ಬೆನ್ನಿನ ಮೇಲೆ ಆ ಚಪ್ಪಾಳೆ ಬಿತ್ತು. ಹಾಕಿದ ಬೀಗದಿಂದಲೂ ಹೆಸರು ಬಂದದ್ದು ಆಕೆಗೇ.

ಆ ಸಂಜೆ ಮನೆಯಲ್ಲಿ ಎಂದಿನಂತೆ ಭಾಕ್ರಿ ತಟ್ಟಿದ್ದಾಯಿತು. ತಟ್ಟೆಗೆ ಕಡಲೆಹಿಟ್ಟಿನ ಝುಣಕಾ ಬಡಿಸುತ್ತ ಮಾಲನ ಕೇಳಿದರು.

"ಅಲ್ರಿ, ನನ್ನ ಗಾಡಿ ಅಂತ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಹಂಗಾರ ಆತು," ಎಂದರು ಆಕೆ.

ಸೆಪ್ಟೆಂಬರಿನಲ್ಲಿ ಯುವಜನೋತ್ಸವ. ಸುತ್ತಲಿನ ಕಾಲೇಜುಗಳ ಬಸ್ಸುಗಳು, ಅತಿಥಿಗಳ ಕಾರುಗಳು, ಇರುವೆ ನುಸುಳಲೂ ಜಾಗವಿಲ್ಲ. ಜೋತಿರಾಮ ಬೆಳಗಿನಿಂದ ಆರೋಗ್ಯ ಕೇಂದ್ರದ ಬಾಗಿಲು ಬಿಟ್ಟು ಕದಲಿರಲಿಲ್ಲ. ಒಬ್ಬ ಅತಿಥಿಯ ಡ್ರೈವರು ಐದು ನಿಮಿಷ ನಿಲ್ಲಿಸಿಕೊಳ್ಳುತ್ತೇನೆಂದ. ಆಗದು ಎಂದರೆ, "ನೀ ಯಾವೂರ ಮಹಾರಾಜಾ?" ಎಂದ. ಜೋತಿರಾಮ ಗಾಲಿಗೆ ಅಡ್ಡವಾಗಿ ಜಾಮರ್ ಇಟ್ಟು ಅದರ ಮೇಲೆ ಕುಳಿತೇಬಿಟ್ಟರು. ಅವನು ತಾಯಿಯನ್ನೆತ್ತಿ ಬೈದು ಹೊರಟುಹೋದ.

ಮಧ್ಯಾಹ್ನ ಮೆಸ್ಸಿನ ಅಡುಗೆಯವರೊಬ್ಬರು ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಸಿದರು. ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದರು, ಕರಾಡದಿಂದ ಆಂಬುಲೆನ್ಸ್ ಹೊರಟಿತು. ಮಳೆ ಹೊಡೆಯುತ್ತಿತ್ತು. ಮಾಲನ ಸರ್ಕಲ್‌ನ ನಡುವೆ ಎರಡೂ ಕೈ ಚಾಚಿ ನಿಂತು, ಬಸ್ಸುಗಳನ್ನು ಹಿಂದಕ್ಕೆ ಸರಿಸಿ ದಾರಿ ಮಾಡಿದರು. ಆಂಬುಲೆನ್ಸ್ ಎಲ್ಲೂ ತಡೆಯದೆ ಬಂದು ಬಾಗಿಲಿಗೇ ಬೆನ್ನು ಕೊಟ್ಟು ನಿಂತಿತು. ಅಡುಗೆಯವರು ಬದುಕಿದರು.

ಮಳೆಯಲ್ಲಿ ಕೈ ಚಾಚಿ ನಿಂತ ಮಾಲನ ಅವರ ವಿಡಿಯೋ ಮನೆಮನೆ ಮುಟ್ಟಿತು. ಬಾಗಿಲ ಮುಂದಿನ ಬರಿಯ ನೆಲದ ವಿಡಿಯೋ ಯಾರು ತೆಗೆಯುತ್ತಾರೆ?

"ಅಕಿ ಮಾಡಿದ್ದು ಕಣ್ಣಿಗೆ ಕಾಣತೈತ್ರಿ," ಎನ್ನುತ್ತಾರೆ ಜೋತಿರಾಮ. ದನಿಯಲ್ಲಿ ಇನ್ನೂ ಉರಿ ಆರಿಲ್ಲ. "ನಾ ಮಾಡಿದ್ದು ಏನು? ಖಾಲಿ ಜಾಗಾ. ಖಾಲಿ ಜಾಗಾ ಯಾರಿಗೆ ಕಾಣತೈತಿ?"

ಸಭಾಗೃಹದಲ್ಲಿ ಮಾಲನ ಅವರಿಗೆ ಶಾಲು, ತೆಂಗಿನಕಾಯಿ. ಜೋತಿರಾಮ ಕಡೆಯ ಸಾಲಿನ ಹಿಂದೆ ಕಂಬಕ್ಕೊರಗಿ ನಿಂತಿದ್ದರು. ಮಾತಾಡಿ ಎಂದಾಗ ಮಾಲನ ಧ್ವನಿವರ್ಧಕದ ಮುಂದೆ ನಿಂತು ಕುಲಪತಿಗಳನ್ನು ನೆನೆದರು, ಭದ್ರತಾ ಅಧಿಕಾರಿಯನ್ನು ನೆನೆದರು, ಆಂಬುಲೆನ್ಸ್ ಡ್ರೈವರನ್ನು, ಮಕ್ಕಳಂಥ ವಿದ್ಯಾರ್ಥಿಗಳನ್ನು, ಮಳೆಯಲ್ಲಿ ಕೊಡೆ ಹಿಡಿದ ಹುಡುಗಿಯನ್ನು, ಕೆಲಸಕ್ಕೆ ಹೋಗು ಎಂದ ಅತ್ತೆಯನ್ನು. ಇಳಿದುಬಿಟ್ಟರು.

ಮನೆಗೆ ಬರುವವರೆಗೆ ಜೋತಿರಾಮ ತಡೆದುಕೊಂಡರು.

"ಕೊಡಿ ಹಿಡದಾಕಿ ಹೆಸರೂ ಬಂತು. ನಮ್ಮವ್ವನ ಹೆಸರೂ ಬಂತು."

"ಗಂಡನ ಹೆಸರು ನಾಕ ಮಂದ್ಯಾಗ ಹೆಂಗ ಹೇಳೂದ್ರಿ?"

"ಒಡಪು ಕಟ್ಟಿ, ಹಾಡಿನ್ಯಾಗ ಹೆಸರು ಸೇರಿಸಿ ಹೇಳಬೇಕಿತ್ತು. ಮದವಿ ದಿವಸ ಹೇಳಿದ್ದಿಲ್ಲೇನು?"

"ಮದವಿ ದಿವಸ ನೀವು ನನ್ನ ಗಾಲಿಗೆ ಬೀಗ ಹಾಕಿದ್ದಿಲ್ಲ," ಎಂದು ಮಾಲನ ಶಾಲು ಮಡಚಿ ಟ್ರಂಕಿಗೆ ಹಾಕಿದರು.

ಮರುದಿನ ಜೋತಿರಾಮ ಭದ್ರತಾ ಕಚೇರಿಗೆ ಹೋದರು. ಜಾಗ ಬದಲಿಸಿಕೊಡಿ, ಕೆಳಗಿನ ಗೇಟಿಗೆ ಹಾಕಿ ಎಂದು ಅಧಿಕಾರಿಯನ್ನು ಕೇಳಿದರು. ಅಲ್ಲಿಗೆ ಆಕೆಯ ಸೀಟಿ ಕೇಳುವುದಿಲ್ಲ. ಜಾಮರ್ ಹಿಡಿಯಲು ಇನ್ನೊಬ್ಬ ಸಿಗಲಿ, ನೋಡೋಣ ಎಂದರು ಅಧಿಕಾರಿ. ಯಾರೂ ಸಿಗಲಿಲ್ಲ.

ದೀಪಾವಳಿ ಕಳೆದ ಮೇಲೆ ವಾಯಿ ಎಂಬ ಊರಲ್ಲಿ ಜೋತಿರಾಮರ ತಂಗಿಯ ಮಗಳ ಮದುವೆ. ಇಬ್ಬರಿಗೂ ರಜೆ ಸಿಗಲಿಲ್ಲ. ಸೋದರಮಾವ ಹೋಗಲೇಬೇಕು, ಜೋತಿರಾಮ ಒಬ್ಬರೇ ಹೋದರು. ಜಾಮರ್ ಮಾಮಾ ಊರಲ್ಲಿಲ್ಲ ಎಂಬುದು ಬೆಳಗ್ಗೆಯೇ ಹಾಸ್ಟೆಲುಗಳಿಗೆ ತಿಳಿಯಿತು. ಹುಡುಗರ ಗಾಡಿಗಳು ಷೆಡ್ಡು ಬಿಟ್ಟು ಗ್ರಂಥಾಲಯದ ಮೆಟ್ಟಿಲಿಗೇ ಬಂದವು. ಪ್ರಾಧ್ಯಾಪಕರ ಕಾರುಗಳು ಒಂದರ ಹಿಂದೊಂದು ಸರ್ಕಲ್‌ನಲ್ಲೇ ತಂಗಿದವು. ಮಾಲನ ಅಂಗೈ ತೋರಿಸಿದರೆ, "ಇವತ್ತೊಂದಿನ ಮಾವಶಿ, ಪ್ಲೀಜ್," ಎಂದು ನಗುತ್ತ, ನಮಸ್ಕಾರ ಮಾಡುತ್ತ, ಪಕ್ಕದಿಂದಲೇ ಹಾದುಹೋದರು. ಎಲ್ಲರೂ ನಕ್ಕರು, ಒಬ್ಬರೂ ನಿಲ್ಲಲಿಲ್ಲ. ಇದನ್ನೆಲ್ಲ ಆಮೇಲೆ ವರ್ಣಿಸಿದವನು ಥೋರಾತ.

ವಾಯಿಯ ಮಂಟಪದಲ್ಲಿ ಪಂಕ್ತಿ ಕುಳಿತಿತ್ತು. ಜೋತಿರಾಮರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿಯ ಹೆಸರು ನೋಡಿದರು, ಜಿಲೇಬಿ ಮುರಿದರು. ಮತ್ತೆ ಬಡಿಯಿತು. ಆಗಲೂ ಬಿಟ್ಟರು. ಮೂರನೆಯ ಸಲ ಎದ್ದು, ಬ್ಯಾಂಡಿನವರಿಂದ ದೂರ, ಮಂಟಪದ ಹಿಂದಿನ ಗೋಡೆಯ ಮರೆಗೆ ಹೋದರು.

ಈಗ, ಮಂಜು ಕರಗಿ ಬಿಸಿಲು ಚಪ್ಪರದೊಳಕ್ಕೆ ಬಂದ ಹೊತ್ತಿನಲ್ಲಿ, ಕೈಗಾಡಿಯ ಹಿಡಿಕೆ ಹಿಡಿದು ನಿಂತು ಫೋನಿನ ಆ ಮಾತು ಹೇಳುತ್ತಾರೆ. ಮೊದಲ ಬಾರಿಗೆ ಮುಖದಲ್ಲಿ ನಗೆಯಂಥದೊಂದು ಮೂಡುತ್ತದೆ.

"'ಯಾವಾಗ ಬರ್ತೀರಿ' ಅಂದ್ಲು. ಯಾಕ ಅಂದ್ನಿ. 'ನೀವಿಲ್ಲಂದ್ರ ಇಲ್ಲಿ ನನ್ನ ಕೈಗೆ ಕಿಮ್ಮತ್ತಿಲ್ರಿ. ಮಂದಿ ನಿಂದರ್ತಿದ್ದದ್ದು ನನಗಲ್ಲ, ನಿಮಗ' ಅಂದ್ಲು. ನಾ ಅಂದ್ನಿ, ಬ್ಯಾಂಡ್ ಗದ್ದಲ ಭಾಳ ಐತಿ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು. ಇನ್ನೊಮ್ಮೆ ಹೇಳಿದ್ಲು."

ಕೈಗಾಡಿ ಮುಂದಕ್ಕೆ ನೂಕುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಸೇರಿಸುತ್ತಾರೆ.

"ಮೊದಲನೇ ಸಲಾನೂ ಕೇಳಿಸಿತ್ರಿ."