ಹಚ್ಚದೆ ಉಳಿದ ಎಲೆಬಳ್ಳಿ

ನನ್ನ ಗಂಡನ ಪ್ರಾಣ ಒಯ್ದದ್ದು ಕ್ಷಯವೇ. ಆದರೆ ಅವರು ಇರುವಾಗಲೇ ಅವರ ಬದುಕನ್ನು ಕಸಿದವಳು ನಾನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಎರಡನೇ ಮಹಾಯುದ್ಧ ಶುರುವಾದ ವರ್ಷ, ಸವಣೂರಿನಲ್ಲಿ. ಮುಂದಿನ ಮಳೆಗಾಲ ಕಂಡರೆ ಹೆಚ್ಚು ಎಂದು ಹುಬ್ಬಳ್ಳಿಯ ಡಾಕ್ಟರು ಅವರ ಎದುರಿಗೇ ಹೇಳಿ ಕಳಿಸಿದ್ದರು. ನಾನು ಅತ್ತು ಅತ್ತು ಸೊರಗಿದೆ. ಅವರೋ — ನಾಲ್ಕೇ ದಿನಕ್ಕೆ ಬಾವಿ ಪಕ್ಕದ ತುಂಡು ನೆಲದಲ್ಲಿ ಎಲೆತೋಟ ಮಾಡಲು ನಿಂತರು. ವೀಳ್ಯದೆಲೆ ಎಂದರೆ ನಾಳೆ ನಾಡಿದ್ದಿನ ಬೆಳೆಯಲ್ಲ. ಮೊದಲು ಬಳ್ಳಿಯ ಆಸರೆಗೆ ಚೊಗಚೆ ಗಿಡ ಎಬ್ಬಿಸಬೇಕು, ಅವು ಎತ್ತರವಾದ ಮೇಲೆ ಬುಡಕ್ಕೆ ಬಳ್ಳಿ ಹಚ್ಚಬೇಕು, ಏರಿದಂತೆಲ್ಲ ನಾರಿನಿಂದ ಕಟ್ಟುತ್ತ ಹೋಗಬೇಕು. ಕೈತುಂಬ ಎಲೆ ಬರಲು ವರ್ಷಗಳೇ ಬೇಕು. ಸವಣೂರಿನವರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೆ? ಗೊತ್ತಿದ್ದೇ ಮಾಡುತ್ತಿದ್ದರು. ಕೆಮ್ಮುತ್ತಲೇ ಅಗೆಯುವರು, ಸಿಳ್ಳೆ ಹಾಕುವರು, ಊಟಕ್ಕೆ ಕೂತರೆ ಇನ್ನೊಂದು ರೊಟ್ಟಿ ಕೇಳುವರು.

ಆ ಖುಷಿಯನ್ನು ನಾನು ಸಹಿಸಲಿಲ್ಲ. ಸಾಯುವವರು ಅವರು, ಒಳಗೇ ಬೇಯುತ್ತಿದ್ದವಳು ನಾನು — ಹಾಗಿದ್ದಮೇಲೆ ನಗು ಅವರ ಮುಖದಲ್ಲಿ ಯಾಕೆ? ಇಂಥ ಹೊಟ್ಟೆಕಿಚ್ಚೂ ಇರುತ್ತದೆ. ಗಂಡನ ಮೇಲೆ, ಅದೂ ಅಂಥ...

ಚೊಗಚೆ ಮೊಣಕಾಲೆತ್ತರ ಬಂದಿತ್ತು. ನಮ್ಮಲ್ಲಿ ಎಲೆತೋಟದೊಳಗೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟೆ, ನಾಲಿಗೆಯನ್ನು ಬಿಡಲಿಲ್ಲ.

“ಎಲಿ ಕೊಯ್ಯೂತನಕ ನೀವು ಇರೂದಿಲ್ಲ. ಯಾರ ಸಲುವಾಗಿ ಇಷ್ಟು ಕುಣ್ಯಾಕತ್ತೀರಿ?”

ಅವರು ಸಿಟ್ಟಾಗಲಿಲ್ಲ. “ಖರೇ ಐತಿ,” ಎಂದರು. ಕೈ ತೊಳೆದು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮತ್ತೆ ತೋಟಕ್ಕೆ ಹೋಗಲಿಲ್ಲ. ಗಿಡಗಳು ನೀರಿಲ್ಲದೆ ಒಣಗಿದವು — ನಾನೂ ಒಂದು ಕೊಡ ಹಾಕಲಿಲ್ಲ.

ಡಾಕ್ಟರ ಮಾತು ಸುಳ್ಳಾಯಿತು. ಆ ಮಳೆಗಾಲ ಕಳೆಯಿತು, ಮುಂದಿನದೂ, ಅದರ ಮುಂದಿನದೂ. ಅಷ್ಟೂ ಕಾಲ ಅವರು ನೋಡಿದ್ದು ಆ ಗೋಡೆಯನ್ನು. ಕಡೆಗಾಲದಲ್ಲಿ ಒಮ್ಮೆ ಗಂಜಿ ಕುಡಿಸುವಾಗ ತಾವಾಗಿಯೇ ಹೇಳಿದರು:

“ಬಳ್ಳಿ ಹಚ್ಚಿದ್ರ ಇಷ್ಟೊತ್ತಿಗೆ ಎಲಿ ತಿಂತಿದ್ವಿ.”

ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಮಣ್ಣು ಮಾಡಿ ಬಂದ ದಿನ ಅತ್ತೆ, ರೋಗ ತಮ್ಮ ಮಗನ ನಗೆಯನ್ನೂ ತಿಂದಿತು ಎಂದು ಅತ್ತರು. ಸೊಸೆ ಮಾಡಿದ ಸೇವೆಯಿಂದ ಇಷ್ಟು ದಿನವಾದರೂ ಉಳಿದ ಎಂದು ಬಂದವರಿಗೆಲ್ಲ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನನಗೆ ಸಲ್ಲದ ಆ ಹೊಗಳಿಕೆಯನ್ನು ತಿದ್ದದೆ ನನ್ನಲ್ಲೇ ಇಟ್ಟುಕೊಂಡೆ — ಅತ್ತೆ ಕಣ್ಣು ಮುಚ್ಚುವವರೆಗೂ.