ಕೈ ನೋಡಿ ಕೊಡುತ್ತಿದ್ದ ಪೌಡರು

ಬೆಳ್ಳಾವಿಯ ನಮ್ಮ ಬೀದಿಗೆ ಬಟ್ಟೆ ಪೌಡರು ಮಾರಲು ಬರುತ್ತಿದ್ದ ಹಬೀಬ್ ಸಾಬರು ಎಷ್ಟು ಬೇಕೆಂದು ಮೊದಲು ಕೇಳುತ್ತಿರಲಿಲ್ಲ. "ಕೈ ತೋರ್ಸಿ" ಎನ್ನುತ್ತಿದ್ದರು. ಮುಟ್ಟುತ್ತಿರಲಿಲ್ಲ, ಟಿವಿಎಸ್ ಮೇಲೆ ಕೂತೇ ಕನ್ನಡಕ ಏರಿಸಿ ಅಂಗೈ ನೋಡುತ್ತಿದ್ದರು. ಒಡೆದ ಕೈಗೆ ಸೋಡಾ ಕಡಿಮೆಯಿರುವ ಪೌಡರು, ಗಟ್ಟಿ ಕೈಗೆ ಸ್ವಲ್ಪ ಖಾರವಾದದ್ದು. ಎರಡನ್ನೂ ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ತಮ್ಮ ಮನೆಯ ಹಿಂದೆ ತಾವೇ ಬೆರೆಸುತ್ತಿದ್ದರು. ಅಂಗಡಿಯಲ್ಲಿ ಸಾಲಾಗಿ ನಿಂತ ಬಣ್ಣಬಣ್ಣದ ಪ್ಯಾಕೆಟ್ಟುಗಳಲ್ಲಿ ಒಂದಾದರೂ ನನ್ನ ಕೈ ಹೇಗಿದೆ ಎಂದು ಕೇಳಿದ್ದುಂಟೇ?

ನಮ್ಮತ್ತೆ ಸರ್ವಮಂಗಳಮ್ಮನ ಕೈ ಬೇಸಿಗೆಯ ಕೆರೆಯಂಗಳದಂತೆ ಬಿರಿದಿರುತ್ತಿತ್ತು. ಸಾಬರ ಪೌಡರೊಂದೇ ಅವರಿಗೆ ಉರಿಯುತ್ತಿರಲಿಲ್ಲ. ನೊರೆಯಂತೂ ಬಕೆಟ್ ತುಂಬಿ ಚೆಲ್ಲುತ್ತಿತ್ತು. "ನೊರೆ ಬರ್ದಿದ್ರೆ ಮೋಸ ಮಾಡ್ದಂಗೆ" ಎನ್ನುವುದು ಸಾಬರ ಮಾತು. ಆ ವಾಸನೆ, ಕಲ್ಲಿಗೆ ಬಟ್ಟೆ ಕುಕ್ಕುವ ಸದ್ದು, ಹಿತ್ತಲ ತುಂಬ ಒಣಗುವ ಪಂಚೆಗಳು ಈಗಲೂ ನೆನಪಿವೆ.

ಆಮೇಲೆ ಯಜಮಾನರು ವಾಷಿಂಗ್ ಮಿಷನ್ ತಂದರು. ಅದಕ್ಕೆ ಬೇರೆಯದೇ ಲಿಕ್ವಿಡ್ ಬೇಕಂತೆ. ಮನೆಮನೆಗೂ ಮಿಷನ್ ಬಂದಂತೆ ಸಾಬರ ಗಾಡಿ ಸದ್ದು ನಿಂತೇಹೋಯಿತು. ನಾವೂ ವಿಚಾರಿಸಲಿಲ್ಲ.

ಕಳೆದ ತಿಂಗಳು ದಿಢೀರನೆ ಬಂದರು. ಕೈಯಲ್ಲೊಂದು ಸಣ್ಣ ಕವರು.

"ಮಿಷನ್‌ಗೇ ಅಂತ ಮಾಡಿದೀನಮ್ಮ. ಇದು ಕೆಲ್ಸ ಮಾಡಿದ್ರೆ ಮತ್ತೆ ಬರ್ತೀನಿ. ಇಲ್ಲಾಂದ್ರೆ ಗಾಡಿ ಮಾರಿ ಮನೇಲ್ ಕೂತ್ಕೊತೀನಿ."

"ಇದಕ್ಕೆ ನೊರೆ ಕಮ್ಮಿ ಇರ್ಬೇಕು ಸಾಬ್ರೇ" ಎಂದೆ.

"ಗೊತ್ತು, ಗೊತ್ತು" ಎಂದರು.

ಪೌಡರು ಹಾಕಿ ಮಿಷನ್ ಓಡಿಸಿ, ಸಾಬರು, ಅತ್ತೆ, ನಾನು ಮೂವರೂ ಅದರ ಗಾಜಿನ ಬಾಗಿಲ ಮುಂದೆ ಕೂತೆವು. ಸ್ವಲ್ಪ ಹೊತ್ತಿಗೆ ಗಾಜು ಬೆಳ್ಳಗಾಯಿತು. ನೊರೆ ಮೇಲಿನ ಪೌಡರು ಹಾಕುವ ಖಾನೆಯಿಂದ ಉಕ್ಕಿ ನೆಲಕ್ಕಿಳಿಯಿತು. ಮಿಷನ್ ಕೀಂಯ್ ಎಂದು ನಿಂತುಹೋಯಿತು.

ಸಾಬರು ತಲೆ ತಗ್ಗಿಸಿದರು. "ಕಮ್ಮಿ ಮಾಡಕ್ಕೇ ಕೂತಿದ್ದೆ ಕಣಮ್ಮ. ಮನಸ್ಸು ಕೇಳ್ಲಿಲ್ಲ. ನೊರೆ ಇಲ್ದೆ ಹೆಂಗ್ ಕೊಡೋದು ಅಂತ ಇನ್ನೊಂದ್ ಹಿಡಿ ಹಾಕ್ಬುಟ್ಟೆ."

ನನಗೆ ನಗುವೂ ಬಂತು, ಸಂಕಟವೂ ಆಯಿತು. ಅವರು ನೆಲ ಒರೆಸಲು ಬಗ್ಗಿದರು. ಅತ್ತೆ ಒರೆಸುವ ಬಟ್ಟೆ ಕಿತ್ತುಕೊಂಡರು. ಆಗ ಸಾಬರಿಗೆ ಹಳೆಯ ಅಭ್ಯಾಸ ಮರುಕಳಿಸಿತು.

"ಕೈ ತೋರ್ಸಿ."

ಅತ್ತೆ ಅಂಗೈ ಚಾಚಿದರು. ಒಂದು ಬಿರುಕೂ ಇರಲಿಲ್ಲ. ಸಾಬರು ಬಹಳ ಹೊತ್ತು ನೋಡಿದರು.

"ಎಷ್ಟ್ ಚೆನ್ನಾಗ್ ವಾಸಿಯಾಗೈತೆ. ಇನ್ನ ನಾನ್ ಬೇಕಾಗಿಲ್ಲ ಬುಡಿ."

ಹೇಳುವಾಗ ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ ಗಾಡಿಯ ಕೀ ಹುಡುಕಿಕೊಂಡು ಹೊರಟರು. ಅತ್ತೆ ಗೇಟಿನವರೆಗೂ ಹಿಂದೆಯೇ ಹೋದರು.

"ಸಾಬ್ರೇ, ಹಿಂದಿನ್ ಬೀದಿ ಪುಟ್ಟಗಂಗಮ್ಮ ಇನ್ನೂ ಕಲ್ಲಲ್ಲೇ ಕುಕ್ತಾಳೆ. ಅವಳ್ ಕೈ ನೋಡಿದೀರಾ?"

ಸಾಬರು ತುಮಕೂರಿನ ಕಡೆಗಿದ್ದ ಗಾಡಿಯನ್ನು ತಿರುಗಿಸಿಕೊಂಡರು. ನಾನು ಒಳಗೆ ನೊರೆ ಬಳಿಯುತ್ತಿದ್ದಾಗ ಹಿಂದಿನ ಬೀದಿಯಿಂದ ಅವರ ದನಿ ಕೇಳಿಸಿತು.

"ಕೈ ತೋರ್ಸಮ್ಮ."